ಬೇಟೆನಾಯಿ, ಸೇನಾನಾಯಿ, ಊರನಾಯಿ: ಶ್ವಾನಗಳ ಉಣ್ಣೆರೋಗ ಸಂಶೋಧನೆಯ ಒಂದು ಚರಿತ್ರೆ

ಉಣ್ಣೆ ಕಚ್ಚಿ ನಾಯಿಗಳಿಗೆ ಬರುವ ರೋಗಗಳ ಚರಿತ್ರೆಯನ್ನು ಸಾಮಾನ್ಯವಾಗಿ ರೋಗಾಣುಗಳು ಒಂದರ ಹಿಂದೊಂದು ಪತ್ತೆಯಾದ ಕಥೆಯಾಗಿ ಹೇಳಲಾಗುತ್ತದೆ. ಅದೇ ದಾಖಲೆಗಳಿಗೆ ಬೇರೊಂದು ಪ್ರಶ್ನೆ ಹಾಕುವುದು ಈ ಲೇಖನದ ಉದ್ದೇಶ: ಸೂಕ್ಷ್ಮದರ್ಶಕದ ಕೆಳಗೆ ಬಂದದ್ದು ಯಾವ ನಾಯಿಯ ರಕ್ತ? ನಾಯಿಯೂ ರೋಗಾಣುವೂ ಹೊಸದಾಗಿ ಎದುರಾದ ಕಡೆ ರೋಗ ಎದ್ದು ಕಂಡಿದೆ. ಅದು ಬಹುಕಾಲದಿಂದ ನೆಲೆಸಿರುವ ಊರುಗಳ ನಾಯಿ, ನರಿಗಳು ದಾಖಲೆಯ ಅಂಚಿನಲ್ಲೇ ಉಳಿದಿವೆ ಎಂಬುದು ಇಲ್ಲಿನ ವಾದ.

ಕೇಪ್‌ನಿಂದ ಮದ್ರಾಸಿಗೆ

ಉಣ್ಣೆ ರೋಗ ದಾಟಿಸಬಲ್ಲದು ಎಂಬುದಕ್ಕೆ ಮೊದಲ ಪುರಾವೆ ಸಿಕ್ಕಿದ್ದು ದನಗಳಲ್ಲಿ. ಅಮೆರಿಕದ ಟೆಕ್ಸಾಸ್ ಜ್ವರದ ಬಗ್ಗೆ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್ 1893ರಲ್ಲಿ ವರದಿ ಪ್ರಕಟಿಸಿದರು. ಎರಡು ವರ್ಷಗಳ ನಂತರ ಇಟಲಿಯಲ್ಲಿ ಪಿಯಾನಾ ಮತ್ತು ಗಾಲಿ-ವಲೇರಿಯೊ ನಾಯಿಯ ಕೆಂಪು ರಕ್ತಕಣಗಳೊಳಗೆ ಅದೇ ಬಗೆಯ ಪರೋಪಜೀವಿಯನ್ನು ಕಂಡರು. ಇಂದು ಅದರ ಕುಲದ ಹೆಸರು ಬ್ಯಾಬೀಸಿಯಾ. 1901ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ವಸಾಹತಿನ ಕೀಟತಜ್ಞ ಚಾರ್ಲ್ಸ್ ಲೌನ್ಸ್‌ಬರಿ, ಹೀಮಾಫೈಸಾಲಿಸ್ ಲೀಚಿ ಎಂಬ ಉಣ್ಣೆ ಈ ರೋಗವನ್ನು ನಾಯಿಗಳಿಗೆ ಹರಡುತ್ತದೆಂದು ತೋರಿಸಿದರು. ರೋಗಿ ನಾಯಿಯ ರಕ್ತ ಕುಡಿದ ತಾಯಿ ಉಣ್ಣೆಯಿಂದ ಸೋಂಕು ಮೊಟ್ಟೆಯ ಮೂಲಕ ಮರಿಗಳಿಗೆ ದಾಟುತ್ತಿತ್ತು. ಆದರೆ ಆ ಮರಿಗಳು ಬೆಳೆದು ಪ್ರಾಯಕ್ಕೆ ಬಂದ ಮೇಲಷ್ಟೇ, ಅವು ಕಚ್ಚಿದ ನಾಯಿಗೆ ರೋಗ ತಗಲುತ್ತಿತ್ತು.

ಮದ್ರಾಸಿನಲ್ಲಿ ಎಸ್. ಆರ್. ಕ್ರಿಸ್ಟೋಫರ್ಸ್ ಇದೇ ಪರೋಪಜೀವಿಯ ಬದುಕನ್ನು ಉಣ್ಣೆಯೊಳಗೆ ಹುಡುಕಿ 1907ರಲ್ಲಿ ಪ್ರಕಟಿಸಿದರು. ಆದರೆ ಅವರ ಉಣ್ಣೆ ಬೇರೆ: ಇಂದಿಗೂ ನಮ್ಮ ನಾಯಿಗಳ ಕಿವಿ, ಬೆರಳುಸಂದುಗಳಲ್ಲಿ ಕಚ್ಚಿಕೊಂಡಿರುವ ಕಂದು ಉಣ್ಣೆ, ರೈಪಿಸೆಫಾಲಸ್ ಸ್ಯಾಂಗ್ವಿನಿಯಸ್. ಒಂದೇ ಎಂದುಕೊಂಡಿದ್ದ ರೋಗಕ್ಕೆ ಎರಡು ಖಂಡಗಳಲ್ಲಿ ಎರಡು ಉಣ್ಣೆಗಳು ಏಕೆ ಎಂಬುದು 1989ರಲ್ಲಿ ಸ್ಪಷ್ಟವಾಯಿತು. ಯೂಲೆನ್‌ಬರ್ಗ್ ಮತ್ತು ಸಹೋದ್ಯೋಗಿಗಳು ಬ್ಯಾಬೀಸಿಯಾ ಕ್ಯಾನಿಸನ್ನು ಕ್ಯಾನಿಸ್, ವೋಗೆಲಿ, ರೊಸ್ಸಿ ಎಂದು ಮೂರಾಗಿ ವಿಂಗಡಿಸಿದರು. ದಕ್ಷಿಣ ಆಫ್ರಿಕಾದ ರೊಸ್ಸಿ ನಾಯಿಯನ್ನು ಬೇಗ ಕೊಲ್ಲುವಂಥದ್ದು. ಕಂದು ಉಣ್ಣೆ ಹರಡುವ ವೋಗೆಲಿ ಹೋಲಿಕೆಯಲ್ಲಿ ಸೌಮ್ಯ.

ಮದ್ರಾಸ್ ಹಂಟ್‌ನ ನಾಯಿಗಳು

1910ರಲ್ಲಿ ಡಬ್ಲ್ಯು. ಎಸ್. ಪ್ಯಾಟನ್ ಹೊಸ ಪರೋಪಜೀವಿಯೊಂದನ್ನು ವರ್ಣಿಸಿದರು. ಅದೇ ಇಂದಿನ ಬ್ಯಾಬೀಸಿಯಾ ಗಿಬ್ಸೋನಿ. ಅದು ಮೊದಲು ಕಂಡದ್ದು ಮದ್ರಾಸ್ ಹಂಟ್ ಎಂಬ ಬೇಟೆಕೂಟದ ನಾಯಿಗಳ ರಕ್ತದಲ್ಲಿ. ನರಿಯ ರಕ್ತದಲ್ಲಿ ಸಿಕ್ಕಿದ್ದು ಆಮೇಲೆ. ಈ ಅನುಕ್ರಮ ಗಮನಾರ್ಹ. ಬೇಟೆಗಾರರ ನಾಯಿ ರೋಗಿಯಾಗಿ ದಾಖಲಾಯಿತು, ಬೇಟೆಯ ಪ್ರಾಣಿ ಸೋಂಕಿನ ನೆಲೆಯಾಗಿ ದಾಖಲಾಯಿತು. ಪರೋಪಜೀವಿಯ ದೃಷ್ಟಿಯಿಂದ ನೋಡಿದರೆ ನರಿಯೇ ಹಳೆಯ ಮನೆ, ಹೌಂಡ್ ಹೊಸ ಮನೆ ಇರಬೇಕೆಂದು ಊಹಿಸುವುದು ಹೆಚ್ಚು ಸಮಂಜಸ. 1937ರಲ್ಲಿ ಸ್ವಾಮಿನಾಥ್ ಮತ್ತು ಶಾರ್ಟ್ ಹೀಮಾಫೈಸಾಲಿಸ್ ಬೈಸ್ಪೈನೋಸಾ ಉಣ್ಣೆಯನ್ನು ಇದರ ವಾಹಕವೆಂದು ಗುರುತಿಸಿದರು.

ಆಲ್ಜಿಯರ್ಸ್‌ನಿಂದ ವಿಯೆಟ್ನಾಮಿಗೆ

ಕಂದು ಉಣ್ಣೆಯೇ ಹೊತ್ತು ತರುವ ಇನ್ನೊಂದು ರೋಗಾಣು ಎರ್ಲಿಕಿಯಾ ಕ್ಯಾನಿಸ್. ಇದು ಬಿಳಿ ರಕ್ತಕಣಗಳೊಳಗೆ ಬೆಳೆಯುವ ಬ್ಯಾಕ್ಟೀರಿಯಾ. 1935ರಲ್ಲಿ ಅಲ್ಜೀರಿಯಾದಲ್ಲಿ ಡೊನಾಸ್ಯೆ ಮತ್ತು ಲೆಸ್ತೊಕಾರ್ ಇದನ್ನು ಕಂಡರು. ಮೂರು ದಶಕಗಳ ಕಾಲ ಅದಕ್ಕೆ ಹೆಚ್ಚಿನ ಗಮನ ಸಿಗಲಿಲ್ಲ. 1960ರ ದಶಕದಲ್ಲಿ ಚಿತ್ರ ಬದಲಾಯಿತು: ಸಿಂಗಪುರದಲ್ಲಿ ಬ್ರಿಟಿಷ್ ಸೇನಾನಾಯಿಗಳು, ನಂತರ ವಿಯೆಟ್ನಾಮಿನಲ್ಲಿ ಅಮೆರಿಕದ ಸೇನಾನಾಯಿಗಳು ಕಾಯಿಲೆ ಬಿದ್ದವು. ವಿಯೆಟ್ನಾಮಿನಲ್ಲಿ ನೂರಕ್ಕೂ ಹೆಚ್ಚು ನಾಯಿಗಳು ಸತ್ತವು. ಜ್ವರ ಬಂದು ಇಳಿಯುತ್ತಿತ್ತು, ನಾಯಿ ಚೇತರಿಸಿಕೊಂಡಂತೆ ಕಾಣುತ್ತಿತ್ತು. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಏಕಾಏಕಿ ಮೂಗಿನಿಂದ ರಕ್ತ ಸುರಿಯತೊಡಗುತ್ತಿತ್ತು. ಅಸ್ಥಿಮಜ್ಜೆ ಸೊರಗಿ ಕೆಂಪುಕಣ, ಬಿಳಿಕಣ, ಪ್ಲೇಟ್‌ಲೆಟ್ ಮೂರೂ ಕುಸಿದಿರುತ್ತಿದ್ದವು. ಅತಿ ಹೆಚ್ಚು ನರಳಿದ್ದು ಜರ್ಮನ್ ಶೆಫರ್ಡ್ ತಳಿ.

ಸೇನೆಗೆ ನಷ್ಟವಾದಾಗ ವಿಜ್ಞಾನವೂ ವೇಗ ಪಡೆಯಿತು. ಡೇವಿಡ್ ಹಕ್ಸಾಲ್ ಮೊದಲಾದ ಸೇನಾ ಸಂಶೋಧಕರು ಮತ್ತು ಇಲಿನಾಯ್ ವಿಶ್ವವಿದ್ಯಾಲಯದ ಮಿಯೊಡ್ರಾಗ್ ರಿಸ್ಟಿಕ್ ಅವರ ಬಳಗ 1971ರಲ್ಲಿ ರೋಗಾಣುವನ್ನು ಪ್ರಯೋಗಾಲಯದ ಜೀವಕೋಶಗಳಲ್ಲಿ ಬೆಳೆಸಿತು. ಮರುವರ್ಷವೇ ಪ್ರತಿಕಾಯ ಪತ್ತೆಯ ಪರೀಕ್ಷೆ ಸಿದ್ಧವಾಯಿತು. ಟೆಟ್ರಾಸೈಕ್ಲಿನ್ ಚಿಕಿತ್ಸೆ ನೆಲೆಗೊಂಡಿತು. ಅದೇ ಕುಟುಂಬದ ಡಾಕ್ಸಿಸೈಕ್ಲಿನ್ ಇಂದಿನ ಮುಖ್ಯ ಔಷಧಿ. ಇತ್ತ ಭಾರತದಲ್ಲಿ ಈ ಸೋಂಕಿನ ವರದಿ ಮದ್ರಾಸಿನಿಂದ 1940ರ ದಶಕದಲ್ಲೇ ಬಂದಿತ್ತು. ಆದರೂ ಈ ರೋಗದ ಚರಿತ್ರೆ ಹೇಳುವವರು ವಿಯೆಟ್ನಾಮಿನತ್ತ ಜಿಗಿಯುವುದೇ ರೂಢಿಯಾಗಿದೆ.

ಚರ್ಚೆ

2020ರ ಮೇ ತಿಂಗಳಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿ ಪ್ರದೇಶದಲ್ಲಿ ಎರ್ಲಿಕಿಯಾ ಕ್ಯಾನಿಸ್ ಪತ್ತೆಯಾದದ್ದು ಮೇಲಿನ ವಾದವನ್ನು ಇನ್ನೊಂದು ದಿಕ್ಕಿನಿಂದ ಪರೀಕ್ಷಿಸುತ್ತದೆ. ಅಲ್ಲಿ ಕಂದು ಉಣ್ಣೆ ಮೊದಲೇ ಇತ್ತು, ನಾಯಿಗಳೂ ಆ ನೆಲದವೇ; ರೋಗಾಣು ಮಾತ್ರ ಹೊಸದು. ಮೂಲನಿವಾಸಿ ಸಮುದಾಯಗಳ ನಾಯಿಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು. ಹಾಗಾಗಿ ಊರನಾಯಿಗೆ ಹುಟ್ಟಿನಿಂದಲೇ ಉಣ್ಣೆರೋಗ ತಡೆಯುವ ಶಕ್ತಿ ಇರುತ್ತದೆ ಎಂಬ ನಂಬಿಕೆ ನಿಲ್ಲುವುದಿಲ್ಲ. ತಳಿಯ ಗುಣಕ್ಕೂ ಪಾತ್ರವಿದೆ ಎಂಬುದನ್ನು ಶೆಫರ್ಡ್‌ಗಳು ತೋರಿಸಿವೆ. ಆದರೆ ರೋಗಾಣುವಿನೊಡನೆ ಆ ಪ್ರದೇಶದ ನಾಯಿಗಳಿಗೆ ಎಷ್ಟು ಕಾಲದ ಸಂಬಂಧವಿದೆ ಎಂಬುದನ್ನು ಬಿಟ್ಟು ಅದನ್ನಷ್ಟೇ ಲೆಕ್ಕಕ್ಕೆ ಹಿಡಿಯಲಾಗದು.

ಊರನಾಯಿಯ ರಕ್ತದಲ್ಲಿ ಸೋಂಕು ಸದ್ದಿಲ್ಲದೆ ಇರುವುದು ಬೇರೆ, ಆ ನಾಯಿ ಆರೋಗ್ಯವಾಗಿರುವುದು ಬೇರೆ. ಮರಿಗಳಾಗಿದ್ದಾಗಲೇ ಸತ್ತ ಬೀದಿನಾಯಿಗಳ ಲೆಕ್ಕ ಇಟ್ಟವರಿಲ್ಲ. ಬದುಕುಳಿದವನ್ನು ನೋಡಿ ಗಟ್ಟಿ ಎನ್ನುವುದು ಅರ್ಧ ದಾಖಲೆಯನ್ನು ಓದಿದಂತೆ. ಬೇಟೆಕೂಟಕ್ಕೂ ಸೇನೆಗೂ ತಮ್ಮ ನಾಯಿಗಳ ಸಾವನ್ನು ಬರೆದಿಡುವ ಕಾರಣವಿತ್ತು. ಆ ಕಾರಣ ಊರನಾಯಿಯ ವಿಷಯದಲ್ಲೂ ಇದೆಯೆಂದು ಒಪ್ಪಿ, ಬೀದಿನಾಯಿಗಳ ಸಂತಾನಹರಣ ಕೇಂದ್ರಗಳಲ್ಲಿ ರಕ್ತಲೇಪನ ಪರೀಕ್ಷೆಯನ್ನೂ ಉಣ್ಣೆಗಳ ದಾಖಲೆಯನ್ನೂ ವಾಡಿಕೆಯ ಕೆಲಸವಾಗಿಸಿದರೆ, ಈ ಚರಿತ್ರೆಯ ದೊಡ್ಡ ಖಾಲಿ ಜಾಗ ತುಂಬತೊಡಗುತ್ತದೆ.