ತುಂಬಿದ ಬಾಟಲಿ ಹಂಗೇ ವಾಪಸ್ ಬರುತ್ತೆ: ಶಾಲೆಯ ಆರೋಗ್ಯ ಪಾಠ ಮತ್ತು ನಮ್ಮ ಇತಿಹಾಸ

ಬರಹ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

ನನ್ನ ಮಗಳು ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸು. ಹೋದ ತಿಂಗಳು ಅವಳ ಟೆಸ್ಟ್ ಪೇಪರಿಗೆ ಸಹಿ ಹಾಕುವಾಗ ಒಂದು ಪ್ರಶ್ನೆ ಕಣ್ಣಿಗೆ ಬಿತ್ತು. ಆರೋಗ್ಯವಾಗಿರಲು ಏನು ಮಾಡಬೇಕು ಅಂತ. "ದಿನವೂ ಸಾಕಷ್ಟು ನೀರು ಕುಡಿಯಬೇಕು" ಅಂತ ಬರೆದು ಪೂರ್ತಿ ಅಂಕ ತಗೊಂಡಿದ್ದಾಳೆ. ಆದ್ರೆ ಬೆಳಗ್ಗೆ ನಾನು ತುಂಬಿ ಕಳಿಸಿದ ಬಾಟಲಿ ಸಂಜೆ ಹಂಗೇ ವಾಪಸ್ ಬರುತ್ತೆ. ಯಾಕವ್ವಾ ಅಂತ ಕೇಳಿದ್ರೆ, "ಕುಡಿದ್ರೆ ಟಾಯ್ಲೆಟ್‌ಗೆ ಹೋಗ್ಬೇಕಲ್ಲಮ್ಮಾ, ಅಲ್ಲಿ ನೀರೇ ಬರಲ್ಲ" ಅಂದಳು.

ಅವತ್ತಿಂದ ನಂಗೆ ಬಾಬಾಸಾಹೇಬರ ಶಾಲೆಯೇ ನೆನಪಾಗ್ತಿದೆ. ಅವರು ಕೂರುವುದಕ್ಕೆ ಮನೆಯಿಂದ ಗೋಣಿತಾಟು ತಗೊಂಡು ಹೋಗಬೇಕಿತ್ತು. ನಲ್ಲಿಯನ್ನು ಅವರು ಮುಟ್ಟುವಂತಿರಲಿಲ್ಲ, ಜವಾನನೇ ತಿರುಗಿಸಬೇಕಿತ್ತು. ಜವಾನ ಇಲ್ಲದ ದಿನ ನೀರೂ ಇಲ್ಲ. ನೀರು ಆರೋಗ್ಯಕ್ಕೆ ಒಳ್ಳೆಯದು ಅಂತ ಆ ಹುಡುಗನಿಗೆ ಯಾರೂ ಪಾಠ ಮಾಡಬೇಕಿರಲಿಲ್ಲ. ಬೇಕಿದ್ದದ್ದು ನೀರು.

ಇದೆಲ್ಲ ಅವರೇ 'ವೇಟಿಂಗ್ ಫಾರ್ ಎ ವೀಸಾ' ಪುಸ್ತಿಕೆಯಲ್ಲಿ ಬರೆದಿಟ್ಟಿದ್ದಾರೆ. ಅದರಲ್ಲೇ ಇನ್ನೊಂದು ಪ್ರಸಂಗ ಇದೆ. ಕಾಠಿಯಾವಾಡದ ದಲಿತ ಶಾಲಾ ಮೇಷ್ಟ್ರೊಬ್ಬರ ಪತ್ರ, 1929ರ ಡಿಸೆಂಬರ್ 12ರ 'ಯಂಗ್ ಇಂಡಿಯಾ'ದಲ್ಲಿ ಬಂದಿದ್ದು. ಅವರ ಹೆಂಡತಿ ಬಾಣಂತಿ, ಕಾಯಿಲೆ ಬಿದ್ದಿದ್ದಾರೆ. ಡಾಕ್ಟರು ಕೇರಿಯೊಳಗೆ ಬರಲ್ಲ ಅಂದ್ರು. ಊರ ದೊಡ್ಡವರಿಂದ ಹೇಳಿಸಿ, ಎರಡು ರೂಪಾಯಿ ಫೀಸಿಗೆ ಜಾಮೀನು ಕೊಡಿಸಿದ ಮೇಲೆ, ಆ ಬಾಣಂತಿಯನ್ನು ಕೇರಿಯಿಂದ ಆಚೆ ತಂದರೆ ಮಾತ್ರ ನೋಡ್ತೀನಿ ಅಂತ ಬಂದರು. ಥರ್ಮಾಮೀಟರನ್ನು ಒಬ್ಬ ಮುಸ್ಲಿಂ ವ್ಯಕ್ತಿಯ ಕೈಗೆ ಕೊಟ್ಟರು, ಅವರು ಮೇಷ್ಟ್ರಿಗೆ ಕೊಟ್ಟರು, ಮೇಷ್ಟ್ರು ಹೆಂಡತಿಗೆ ಕೊಟ್ಟರು. ಹಂಗೇ ವಾಪಸ್ ಹೋಯ್ತು. ಆಯಮ್ಮ ಉಳೀಲಿಲ್ಲ. ಆ ಮೇಷ್ಟ್ರು ಅಕ್ಷರ ಬಲ್ಲವರು, ಡಾಕ್ಟರನ್ನು ಕರೆಸಬೇಕು ಅಂತ ತಿಳಿದವರು. ತಿಳಿವಳಿಕೆ ಒಂದೇ ಇದ್ದು ಏನಾಯ್ತು?

ಹಂಗಂತ ತಿಳಿವಳಿಕೆ ಬೇಡ ಅಂತಲ್ಲ. ಬಾಬಾಸಾಹೇಬರು ಅದಕ್ಕೂ ಹೋರಾಡಿದ್ದಾರೆ, ನಮ್ಮಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ. ರಘುನಾಥ ಧೋಂಡೋ ಕರ್ವೆ ಅವರು 'ಸಮಾಜ ಸ್ವಾಸ್ಥ್ಯ' ಅನ್ನೋ ಮರಾಠಿ ಪತ್ರಿಕೆಯಲ್ಲಿ ಓದುಗರ ಲೈಂಗಿಕ ಆರೋಗ್ಯದ ಪ್ರಶ್ನೆಗಳಿಗೆ ಉತ್ತರ ಬರೀತಿದ್ರು. ಅಶ್ಲೀಲ ಅಂತ ಕೇಸು ಬಿತ್ತು. 1934ರಲ್ಲಿ ಬಾಂಬೆ ಹೈಕೋರ್ಟಲ್ಲಿ ಅವರ ಪರ ವಾದ ಮಾಡಿದ್ದು ಡಾ. ಅಂಬೇಡ್ಕರ್. ಕೇಸು ಸೋತರು, ಆದರೂ ಆ ವಿಷಯ ಕೈಬಿಡಲಿಲ್ಲ. 1938ರಲ್ಲಿ ಅವರ ಸ್ವತಂತ್ರ ಕಾರ್ಮಿಕ ಪಕ್ಷದ ಸದಸ್ಯ ಪಿ.ಜೆ. ರೋಹಮ್ ಬಾಂಬೆ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣದ ಗೊತ್ತುವಳಿ ತಂದರು. ಅದೂ ಸೋತಿತು.

ಇನ್ನು ಸರ್ಕಾರದ ಕಥೆ. 1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ ಈ ದೇಶದಲ್ಲಿ ಶಾಲಾ ಆರೋಗ್ಯ ಸೇವೆ ಅನ್ನೋದು ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನೋ ಸ್ಥಿತಿ. 1956ರಲ್ಲಿ ದಿಲ್ಲಿಯಲ್ಲಿ ಕೇಂದ್ರ ಆರೋಗ್ಯ ಶಿಕ್ಷಣ ಬ್ಯೂರೋ ಶುರುವಾಯ್ತು. 1960ರಲ್ಲಿ ರೇಣುಕಾ ರೇ ಅವರ ಅಧ್ಯಕ್ಷತೆಯಲ್ಲಿ ಶಾಲಾ ಆರೋಗ್ಯ ಸಮಿತಿ, ಮರುವರ್ಷ ಅದರ ವರದಿ. ನಾನು ಕಚೇರಿಯಲ್ಲಿ ಗುಮಾಸ್ತೆ. ಬಂದ ಸುತ್ತೋಲೆಗೆ ಇನ್‌ವರ್ಡ್ ನಂಬರ್ ಹಾಕಿ ಕಡತಕ್ಕೆ ಸೇರಿಸೋದೇ ನನ್ನ ಕೆಲಸ. ಕಾಗದದ ಮೇಲೆ ಯೋಜನೆ ಹೆಂಗೆ ಪೂರ್ತಿಯಾಗುತ್ತೆ ಅಂತ ನಂಗೆ ಚೆನ್ನಾಗಿ ಗೊತ್ತು.

ಅದು ನಮ್ಮ ಕ್ಲಾಸಿಗೆ ಬಂದದ್ದು ಹೆಂಗೆ ಅಂತ ಹೇಳ್ತೀನಿ. ನಾನು ಆರನೇ ಕ್ಲಾಸಲ್ಲಿದ್ದೆ. ಶುಚಿತ್ವದ ಪಾಠ. ಮೇಷ್ಟ್ರು ನಮ್ಮ ಕೇರಿಯ ಐದು ಮಕ್ಕಳನ್ನು ಎದ್ದು ನಿಲ್ಲಿಸಿದ್ರು. ಉಗುರು ತೋರಿಸಿ, ಕುತ್ತಿಗೆ ತೋರಿಸಿ ಅಂದ್ರು. "ನೋಡ್ರೋ, ಹಿಂಗಿರಬಾರದು" ಅಂತ ಉಳಿದವರಿಗೆ ಹೇಳಿದ್ರು. ಊರೊಳಗೆ ನಲ್ಲಿ ಇತ್ತು. ನಮ್ಮ ಕೇರಿಗೆಲ್ಲ ಇದ್ದದ್ದು ಒಂದೇ ಬೋರಿಂಗು, ಬೇಸಿಗೇಲಿ ಅದೂ ಕೆಟ್ಟಿರ್ತಿತ್ತು. ಪಾಠದಲ್ಲಿ ನಮ್ಮ ಉಗುರು ಬಂತು, ಬೋರಿಂಗು ಬರಲಿಲ್ಲ. ಮುಂದೆ ಹೈಸ್ಕೂಲಲ್ಲಿ ಸಂತಾನೋತ್ಪತ್ತಿ ಪಾಠ ಬಂದಾಗ "ಮನೇಲಿ ಓದ್ಕೊಳಿ" ಅಂತ ಪುಟ ತಿರುಗಿಸಿದ್ರು. ಮೊದಲ ಸಲ ಮುಟ್ಟಾದಾಗ ಏನೋ ದೊಡ್ಡ ಕಾಯಿಲೆ ಬಂತು ಅಂದ್ಕೊಂಡು ಎರಡು ದಿನ ಯಾರಿಗೂ ಹೇಳದೆ ಅತ್ತಿದ್ದೆ.

2005ರಲ್ಲಿ ಕೇಂದ್ರ ಸರ್ಕಾರ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂತು. 2007ರಲ್ಲಿ ಹಲವು ರಾಜ್ಯಗಳು ಅದನ್ನು ನಿಲ್ಲಿಸಿದವು. ನಮ್ಮ ಕರ್ನಾಟಕವೂ ಅದರಲ್ಲಿತ್ತು. ಸಂಸ್ಕೃತಿ ಹಾಳಾಗುತ್ತೆ ಅಂತ ಗದ್ದಲ. ನಂಗೆ ಕರ್ವೆ ಅವರ ಕೇಸೇ ಮತ್ತೆ ನಡೆದಂಗೆ ಅನ್ನಿಸಿತ್ತು. ಬುಕ್ಕು ಕೊಳ್ಳೋ, ಡಾಕ್ಟರನ್ನು ಕೇಳೋ ಅನುಕೂಲ ಇರೋರ ಮಕ್ಕಳು ಹೆಂಗೋ ತಿಳ್ಕೋತಾರೆ. ಕೂಲಿಗೆ ಹೋಗೋ ಅವ್ವನ ಮಗಳಿಗೆ ಶಾಲೆ ಬಿಟ್ರೆ ಯಾರು ಹೇಳ್ಬೇಕು?

ಮತ್ತೆ 2020ರ ಫೆಬ್ರವರಿಯಲ್ಲಿ ಆಯುಷ್ಮಾನ್ ಭಾರತ್ ಅಡಿಯಲ್ಲಿ ಶಾಲಾ ಆರೋಗ್ಯ ಮತ್ತು ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಮಾಧ್ಯಮಿಕ ಶಾಲೆಯಿಂದ ಹಿಡಿದು, ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರಿಗೆ ತರಬೇತಿ, ಆದಷ್ಟು ಮಟ್ಟಿಗೆ ಒಬ್ಬರು ಗಂಡು ಒಬ್ಬರು ಹೆಣ್ಣು, ವಾರಕ್ಕೊಂದು ಗಂಟೆ ಪಾಠ, 11 ವಿಷಯ. ಪೌಷ್ಟಿಕ ಆಹಾರ ಇದೆ, ಮಾನಸಿಕ ಆರೋಗ್ಯ ಇದೆ, ಸಂತಾನೋತ್ಪತ್ತಿ ಆರೋಗ್ಯ ಇದೆ, ಲಿಂಗ ಸಮಾನತೆ ಇದೆ. ಒಳ್ಳೆಯ ಪಟ್ಟಿ, ನಾನು ಅದರ ಪರವಾಗೇ ಇದ್ದೀನಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಇಂಥ ಕಡೆ ಈ ಪಾಠ ಬೇಡ ಅನ್ನೋಕಾಗಲ್ಲ. ಆದ್ರೆ ಆ 11 ತಲೆಬರಹಗಳಲ್ಲಿ ಜಾತಿ ಅನ್ನೋ ಪದ ಇಲ್ಲ.

ಇದ್ದಿದ್ರೆ ಏನಾಗ್ತಿತ್ತು ಅಂತೀರಾ? 2023ರ ಡಿಸೆಂಬರಲ್ಲಿ ಕೋಲಾರ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿದ್ದು ನೀವೆಲ್ಲ ನೋಡಿದ್ದೀರಿ. 2013ರಲ್ಲೇ ಮಲ ಹೊರಿಸುವುದರ ವಿರುದ್ಧ ಕಾಯ್ದೆ ಬಂದಿದೆ. ಗುಂಡಿಗೆ ಇಳಿದವರು ಗ್ಯಾಸಿನಿಂದ ಯಾಕೆ ಸಾಯ್ತಾರೆ, ಇಳಿಸೋದು ಯಾಕೆ ಅಪರಾಧ, ಯಾವಾಗಲೂ ಯಾರನ್ನೇ ಇಳಿಸ್ತಾರೆ, ಇದು ಆರೋಗ್ಯ ಪಾಠ ಅಲ್ಲದೆ ಇನ್ನೇನು? ಆರನೇ ಕ್ಲಾಸಲ್ಲೇ ಅದನ್ನು ಓದಿದ್ರೆ ಒಂದು ಮಗುವಾದರೂ "ಇಳಿಯಲ್ಲ ಸರ್" ಅಂತಿತ್ತೇನೋ.

1855ರಲ್ಲಿ ಫುಲೆ ದಂಪತಿಯ ಶಾಲೆಯ ಮಾಂಗ್ ಹುಡುಗಿ ಮುಕ್ತಾ ಸಾಳ್ವೆ 'ಜ್ಞಾನೋದಯ' ಪತ್ರಿಕೆಗೆ ಒಂದು ಪ್ರಬಂಧ ಬರೆದಳು. ನಮ್ಮ ಹೆಂಗಸರು ಸೂರಿಲ್ಲದೆ ಮಳೆ ಚಳಿಯಲ್ಲಿ ಹೆರುವ ಕಷ್ಟವೂ ಅದರಲ್ಲಿತ್ತು. ನನ್ನ ಪ್ರಕಾರ ನಮ್ಮ ಮೊದಲ ಆರೋಗ್ಯ ಪಾಠ ಅದೇ. ಅದನ್ನು ಬರೆದದ್ದು ಮೇಷ್ಟ್ರಲ್ಲ, ವಿದ್ಯಾರ್ಥಿನಿ.

ಅದಕ್ಕೇ ಕೇಳ್ತಿದ್ದೀನಿ. ನಿಮ್ಮೂರ ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋಗಿ. ತರಬೇತಿ ಪಡೆದ ಆ ಇಬ್ಬರು ಶಿಕ್ಷಕರು ಯಾರು? ವಾರದಲ್ಲಿ ಯಾವ ಪೀರಿಯಡ್ಡು? ಹೆಣ್ಣುಮಕ್ಕಳ ಟಾಯ್ಲೆಟ್‌ನಲ್ಲಿ ನೀರು ಬರುತ್ತಾ? ಅದನ್ನು ತೊಳೆಯೋದು ಯಾರು, ಮಕ್ಕಳಾದ್ರೆ ಯಾವ ಮಕ್ಕಳು? ಬಾಯಲ್ಲಿ ಕೇಳಬೇಡಿ, ಬರೆದುಕೊಡಿ. ಸ್ವೀಕೃತಿ ಸೀಲು ಹಾಕಿಸ್ಕೊಳ್ಳಿ. ಸೀಲು ಬಿದ್ದ ಕಾಗದಕ್ಕೆ ಉತ್ತರ ಕೊಡಲೇಬೇಕಾಗುತ್ತೆ, ಇಷ್ಟು ವರ್ಷದ ನೌಕರಿಯಲ್ಲಿ ನಾನು ಕಲಿತದ್ದು ಇದು.

ನಾನು ನನ್ನ ಮಗಳ ಶಾಲೆಗೆ ಸೋಮವಾರ ಕೊಡ್ತಿದ್ದೀನಿ. ಅರ್ಜಿಯ ಮಾದರಿ ಬೇಕಾದವರು ಕೇಳಿ, ಕಳಿಸ್ತೀನಿ.

ಜೈಭೀಮ್. ಜೈ ಸಾವಿತ್ರಿಬಾಯಿ.