ಯೌವನದಲ್ಲಿ ಸಂಧಿವಾತ: ಮರೆಮಾಚದೆ ಬಾಳುವ ಬಗೆ

ಕೀಲುನೋವೆಂದರೆ ಅಜ್ಜ-ಅಜ್ಜಿಯರ ಕಾಯಿಲೆ ಎಂಬ ಭಾವನೆ ನಮ್ಮ ಮನೆಗಳಲ್ಲಿ ಬಲವಾಗಿ ಬೇರೂರಿದೆ. ಆದ್ದರಿಂದಲೇ ಇಪ್ಪತ್ತೈದರ ಮಗಳು ಬೆಳಗ್ಗೆ ಎದ್ದು ಹಲ್ಲುಜ್ಜುವ ಬ್ರಷ್ ಹಿಡಿಯಲಾಗುತ್ತಿಲ್ಲವೆಂದರೆ, ಲೋಕಲ್ ರೈಲಿನ ನೂಕುನುಗ್ಗಲನ್ನೋ ಕಂಪ್ಯೂಟರಿನ ಮುಂದಿನ ದುಡಿಮೆಯನ್ನೋ ದೂರಿ ನಾವು ಸುಮ್ಮನಾಗುತ್ತೇವೆ. ಆ ನೋವಿನ ಹಿಂದೆ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಸಂಧಿವಾತ ಇರಬಹುದು. ಈ ರೋಗದಲ್ಲಿ ತಡಮಾಡಿದಷ್ಟೂ ಕೀಲುಗಳಿಗೆ ಹಾನಿ. ಮುಚ್ಚಿಟ್ಟಷ್ಟೂ ಚಿಕಿತ್ಸೆಗೆ ಅಡ್ಡಿ. ಇವೆರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಕೆಲವು ಮುಖ್ಯ ಸಂಗತಿಗಳನ್ನು ಇಲ್ಲಿ ಸಂಗ್ರಹಿಸಿದ್ದೇವೆ.

ರೋಗದ ಸ್ವರೂಪ

ವಯಸ್ಸಾದವರಲ್ಲಿ ಸಾಮಾನ್ಯವಾಗಿ ಕಾಣುವ ಮಂಡಿನೋವು ಕೀಲಿನ ಸವೆತದಿಂದ ಬರುವಂಥದು. ರುಮಟಾಯ್ಡ್ ಸಂಧಿವಾತ ಬೇರೆಯೇ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ಎರಗುತ್ತದೆ. ಪೊರೆ ಊದಿಕೊಂಡು ಕ್ರಮೇಣ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಸುಮಾರು ಎರಡರಿಂದ ಮೂರು ಪಟ್ಟು ಹೆಚ್ಚು. ಮಧ್ಯವಯಸ್ಸಿನಲ್ಲಿ ಆರಂಭವಾಗುವುದೇ ಅಧಿಕವಾದರೂ ಇಪ್ಪತ್ತು, ಮೂವತ್ತರ ಹರೆಯದವರೂ ಇದಕ್ಕೆ ಹೊರತಲ್ಲ. ಧೂಮಪಾನವು ರೋಗದ ಸಂಭವವನ್ನೂ ತೀವ್ರತೆಯನ್ನೂ ಹೆಚ್ಚಿಸುತ್ತದೆ.

ಬೆರಳುಗಳ ಬುಡ, ಮಣಿಕಟ್ಟು, ಪಾದದ ಸಣ್ಣ ಕೀಲುಗಳು ಎರಡೂ ಬದಿಗಳಲ್ಲಿ ಊದುವುದು, ಬೆಳಗಿನ ಬಿಗಿತ ಅರ್ಧ ಗಂಟೆ, ಒಂದು ಗಂಟೆಯಾದರೂ ಸಡಿಲವಾಗದಿರುವುದು, ಕಾರಣವಿಲ್ಲದ ದಣಿವು — ಇವು ಇದರ ಮುಖ್ಯ ಲಕ್ಷಣಗಳು. 2006ರಲ್ಲಿ ಕರ್ನಾಟಕದಲ್ಲಿ ವ್ಯಾಪಕವಾಗಿ ಹರಡಿದ ಚಿಕುನ್‌ಗುನ್ಯಾ ಜ್ವರದ ನಂತರವೂ ಇಂಥದೇ ನೋವು ಅನೇಕರನ್ನು ತಿಂಗಳುಗಟ್ಟಲೆ ಕಾಡಿತ್ತು. ಆದ್ದರಿಂದ ಕೀಲುಗಳ ಊತ ಕೆಲವು ವಾರಗಳಾದರೂ ಇಳಿಯದಿದ್ದರೆ ಸಂಧಿವಾತ ತಜ್ಞರನ್ನು, ಅಂದರೆ ರುಮಟಾಲಜಿಸ್ಟರನ್ನು ಕಾಣುವುದು ಉಚಿತ. ರುಮಟಾಯ್ಡ್ ಫ್ಯಾಕ್ಟರ್ ಹಾಗೂ ಆಂಟಿ-ಸಿಸಿಪಿ ಎಂಬ ರಕ್ತಪರೀಕ್ಷೆಗಳು ನೆರವಾಗುತ್ತವೆ. ಇವು ನೆಗೆಟಿವ್ ಬಂದ ಮಾತ್ರಕ್ಕೆ ರೋಗವಿಲ್ಲವೆಂದು ನಿರ್ಧರಿಸಲಾಗದು.

ಔಷಧಗಳು ಮತ್ತು ಎಚ್ಚರಿಕೆಗಳು

1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಡಾ. ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಮುಂದೆ ಕಾರ್ಟಿಸೋನ್ ಎಂದು ಹೆಸರಾದ ಔಷಧವನ್ನು ಮೊದಲು ನೀಡಿದ್ದು ಇದೇ ರೋಗದಿಂದ ನರಳುತ್ತಿದ್ದ 29 ವರ್ಷದ ತರುಣಿಗೆ. ಕೆಲವೇ ದಿನಗಳಲ್ಲಿ ಆಕೆ ನಡೆದಾಡತೊಡಗಿದರು. 1950ರಲ್ಲಿ ಹೆಂಚ್ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಆದರೆ ದೀರ್ಘಕಾಲ ಸೇವಿಸಿದರೆ ಮೂಳೆ ಸಡಿಲವಾಗುವುದು, ಸಕ್ಕರೆ ಏರುವುದು ಮುಂತಾದ ಸ್ಟೀರಾಯ್ಡಿನ ದುಷ್ಪರಿಣಾಮಗಳು ಬೇಗನೆ ತಿಳಿದುಬಂದವು. ಊರಿನಿಂದ ಬಂಧುಗಳು ಅಕ್ಕರೆಯಿಂದ ಕಳುಹಿಸುವ ಹೆಸರಿಲ್ಲದ ಪುಡಿ, ಗುಳಿಗೆಗಳ ವಿಷಯದಲ್ಲಿ ಈ ಸಂಗತಿ ನೆನಪಿರಲಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ತಕ್ಷಣ ನೋವು ಮಾಯವಾದರೆ ಹಿಗ್ಗುವುದಕ್ಕಿಂತ ಸಂದೇಹಪಡುವುದು ಲೇಸು.

ಇಂದು ಚಿಕಿತ್ಸೆಯ ಆಧಾರಸ್ತಂಭ ಮೆಥೊಟ್ರೆಕ್ಸೇಟ್. ಇದನ್ನು ವಾರಕ್ಕೆ ಒಂದೇ ದಿನ ಸೇವಿಸಬೇಕು. ಅರಿಯದೆ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ವಾರವನ್ನು ಗೊತ್ತುಮಾಡಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಕ್ಷೇಮಕರ. ಜೊತೆಗೆ ಫೋಲಿಕ್ ಆಮ್ಲವನ್ನು ವೈದ್ಯರು ಸೂಚಿಸುತ್ತಾರೆ. ರಕ್ತಕಣ ಹಾಗೂ ಯಕೃತ್ತಿನ ಪರೀಕ್ಷೆ ಕಾಲಕಾಲಕ್ಕೆ ನಡೆಯಲೇಬೇಕು. ಔಷಧ ಫಲ ಕೊಡಲು ಕೆಲವು ವಾರಗಳು ಬೇಕಾಗುವುದರಿಂದ ತಾಳ್ಮೆಯೂ ಅಗತ್ಯ. ಇದರಿಂದ ಹತೋಟಿಗೆ ಬಾರದವರಿಗೆ ಜೈವಿಕ ಔಷಧಗಳಿವೆ. ಅವುಗಳಲ್ಲೊಂದಾದ ಅಡಾಲಿಮುಮಾಬ್‌ಗೆ ಸದೃಶವಾದ ಔಷಧ 2014ರಲ್ಲಿ ಭಾರತದಲ್ಲೇ ತಯಾರಾಗಿ ಮಾರುಕಟ್ಟೆಗೆ ಬಂದಿತು. ಇವನ್ನು ಆರಂಭಿಸುವ ಮೊದಲು ಸುಪ್ತ ಕ್ಷಯರೋಗ ಇದೆಯೇ ಎಂದು ಪರೀಕ್ಷಿಸುತ್ತಾರೆ.

ವಿವಾಹ ಮತ್ತು ತಾಯ್ತನ

ಮಕ್ಕಳಿಗೆ ಈ ರೋಗ ತಗುಲಿದಾಗ ತಂದೆತಾಯಿಯರ ಎದೆಯಲ್ಲಿ ಮೊದಲು ಏಳುವ ಪ್ರಶ್ನೆ ಮದುವೆಯದು. ಸಂಬಂಧ ಕೂಡಿಬರುವವರೆಗೆ ಯಾರಿಗೂ ಹೇಳಬೇಡ ಎಂಬ ಮಾತು ಪ್ರೀತಿಯಿಂದಲೇ ಹುಟ್ಟುತ್ತದೆ. ಅದರ ಫಲವೇನು? ಅತ್ತೆಮನೆಯಲ್ಲಿ ಮಾತ್ರೆಯ ಡಬ್ಬಿಯನ್ನು ಅಡಗಿಸಿಡಬೇಕಾಗುತ್ತದೆ. ಕೊನೆಗೆ ಮಾತ್ರೆಯೇ ನಿಂತು ರೋಗ ಮರುಕಳಿಸುತ್ತದೆ. ಅದಕ್ಕಿಂತ ದೊಡ್ಡ ಅಪಾಯವೂ ಇದೆ. ಮೆಥೊಟ್ರೆಕ್ಸೇಟ್ ಗರ್ಭಸ್ಥ ಶಿಶುವಿಗೆ ಹಾನಿಕರ. ಗರ್ಭಧಾರಣೆಗೆ ಒಂದರಿಂದ ಮೂರು ತಿಂಗಳು ಮೊದಲೇ ವೈದ್ಯರ ಸಲಹೆಯಂತೆ ಅದನ್ನು ನಿಲ್ಲಿಸಬೇಕು. ಅದರ ಬದಲು ಹೈಡ್ರಾಕ್ಸಿಕ್ಲೋರೊಕ್ವಿನ್, ಸಲ್ಫಸಲಜೀನ್‌ನಂಥ ಔಷಧಗಳನ್ನು ಗರ್ಭಿಣಿಯರೂ ಬಳಸಬಹುದು. ಪತಿಗೇ ತಿಳಿಯದ ರೋಗಕ್ಕೆ ಇಂಥ ಪೂರ್ವಸಿದ್ಧತೆ ಹೇಗೆ ಸಾಧ್ಯ?

ಗರ್ಭಾವಸ್ಥೆಯಲ್ಲಿ ಅನೇಕರಿಗೆ ನೋವು ತಗ್ಗುತ್ತದೆ. ಹೆರಿಗೆಯ ನಂತರದ ತಿಂಗಳುಗಳಲ್ಲಿ ಮತ್ತೆ ಕೆರಳುವುದುಂಟು. ಬಾಣಂತನದಲ್ಲಿ ಮಗುವನ್ನೆತ್ತಲು ಮತ್ತೊಂದು ಜೊತೆ ಕೈಗಳು ಬೇಕು. ರೋಗಕ್ಕೆ ಆನುವಂಶಿಕ ಒಲವು ಅಲ್ಪಮಟ್ಟಿಗೆ ಇರುವುದು ನಿಜವಾದರೂ, ರೋಗವುಳ್ಳವರ ಮಕ್ಕಳಲ್ಲಿ ಬಹುಪಾಲು ಮಂದಿಗೆ ಇದು ಬರುವುದಿಲ್ಲ. ಈ ಮಾತನ್ನು ಎರಡೂ ಕಡೆಯ ಹಿರಿಯರು ತಜ್ಞರ ಎದುರು ಕುಳಿತು ಕೇಳಿಕೊಂಡರೆ ಅರ್ಧ ಭಯ ಅಲ್ಲಿಯೇ ಕರಗುತ್ತದೆ.

ಮನೆ ಹಾಗೂ ಉದ್ಯೋಗ

ಬೆಳಗ್ಗೆ ಬಿಸಿನೀರಿನಲ್ಲಿ ಕೈಗಳನ್ನಿಟ್ಟರೆ ಬಿಗಿತ ಸಡಿಲವಾಗುತ್ತದೆ. ಕಾಯಿ ತುರಿಯುವುದು, ರೊಟ್ಟಿ ತಟ್ಟುವುದು, ಬಟ್ಟೆ ಹಿಂಡುವುದು ಬೆರಳುಗಳಿಗೆ ಹೆಚ್ಚು ಶ್ರಮ ಕೊಡುವ ಕೆಲಸಗಳು. ಇವನ್ನು ಮನೆಯವರು ಹಂಚಿಕೊಳ್ಳಬೇಕು. ದಪ್ಪ ಹಿಡಿಕೆಯ ಚಾಕು, ತಿರುಗಿಸುವ ಬದಲು ಒತ್ತಿ ತೆರೆಯುವ ನಲ್ಲಿ ಉಪಯುಕ್ತ. ಸದಾ ಮಲಗಿರುವುದು ಸಲ್ಲದು. ನಡಿಗೆ ಹಾಗೂ ಫಿಸಿಯೋಥೆರಪಿಸ್ಟರು ಕಲಿಸುವ ವ್ಯಾಯಾಮ ಸ್ನಾಯುಗಳನ್ನು ಕಾಪಾಡುತ್ತವೆ. ಕೈಕಾಲುಗಳ ಚಲನೆ ಬಹಳ ಕುಗ್ಗಿ ವೈಕಲ್ಯವು ಶೇ. 40ಕ್ಕೆ ತಲುಪಿದರೆ, 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಡಿ ಪ್ರಮಾಣಪತ್ರ ಪಡೆದು ಸೌಲಭ್ಯಗಳನ್ನು ಕೋರಬಹುದು.

ದಕ್ಷಿಣ ಆಫ್ರಿಕಾದ ಶಸ್ತ್ರವೈದ್ಯ ಕ್ರಿಸ್ಟಿಯಾನ್ ಬರ್ನಾರ್ಡ್ ಅವರಿಗೆ ಈ ರೋಗ ಪತ್ತೆಯಾದದ್ದು 1956ರಲ್ಲಿ, ಮೂವತ್ತರ ಹರೆಯದಲ್ಲಿ. ಆ ಬೆರಳುಗಳಿಂದಲೇ ಅವರು 1967ರ ಡಿಸೆಂಬರಿನಲ್ಲಿ ಜಗತ್ತಿನ ಮೊದಲ ಮಾನವ ಹೃದಯ ಕಸಿಯನ್ನು ನೆರವೇರಿಸಿದರು. 1983ರಲ್ಲಿ ಇದೇ ಸಂಧಿವಾತ ಅವರನ್ನು ಶಸ್ತ್ರಕ್ರಿಯೆಯಿಂದ ನಿವೃತ್ತಿಗೊಳಿಸಿತು. ಅವರ ಕಾಲದಲ್ಲಿ ಇಲ್ಲದಿದ್ದ ಔಷಧಗಳು ಇಂದಿನ ತರುಣರಿಗೆ ದೊರೆಯುತ್ತಿವೆ. ಅವುಗಳನ್ನು ಬೇಗ ಆರಂಭಿಸಿ ತಪ್ಪದೆ ಮುಂದುವರಿಸಲು ಮನೆಯವರ ಅರಿವು ಬೇಕು. ನಮ್ಮ ಓದುಗರ ಮನೆಯಲ್ಲಿ ಯಾರಾದರೂ ಬೆಳಗಿನ ಬಿಗಿತದ ಮಾತೆತ್ತಿದರೆ ಅದನ್ನು ಅಲಕ್ಷಿಸದಿರಲೆಂದು ನಮ್ಮ ಕಳಕಳಿಯ ವಿನಂತಿ.