ಬಳ್ಳಾರಿಯ ಪಶ್ಚಿಮ ತಾಲ್ಲೂಕುಗಳು ಮತ್ತು ಸಮಾಜವಾದಿ ಪಕ್ಷ

1952ರ ಸೆಪ್ಟೆಂಬರಿನಲ್ಲಿ ಸೋಷಲಿಸ್ಟ್ ಪಕ್ಷವೂ ಕೃಪಲಾನಿಯವರ ಕಿಸಾನ್ ಮಜ್ದೂರ್ ಪ್ರಜಾ ಪಕ್ಷವೂ ಕೂಡಿ ಪ್ರಜಾ ಸೋಷಲಿಸ್ಟ್ ಪಕ್ಷವಾದಾಗ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಮದರಾಸು ರಾಜ್ಯದಲ್ಲಿದ್ದವು. ಕೊಟ್ಟೂರು, ಹಗರಿಬೊಮ್ಮನಹಳ್ಳಿ ಆಗಿನ್ನೂ ಪ್ರತ್ಯೇಕ ತಾಲ್ಲೂಕುಗಳಾಗಿರಲಿಲ್ಲ. ಈ ಸೀಮೆ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಆದ್ದರಿಂದ 1951ರ ಕಾಗೋಡು ಸತ್ಯಾಗ್ರಹವನ್ನೇ ಕರ್ನಾಟಕದ ಸಮಾಜವಾದಕ್ಕೆಲ್ಲ ಮೂಲವೆಂದು ಬರೆಯುವ ರೂಢಿ ಇಲ್ಲಿಗೆ ಸಲ್ಲದು. ಮಲೆನಾಡಿನ ಗೇಣಿಯ ಪ್ರಶ್ನೆಯಿಂದ ಮಳೆಯನ್ನೇ ನಂಬಿದ ಎರೆ-ಮಸಾರಿ ನೆಲದ ರಾಜಕಾರಣವನ್ನು ಅಳೆಯಲಾಗದು.

1955ರಲ್ಲಿ ಲೋಹಿಯಾ ಬೇರ್ಪಟ್ಟರು. ಹಲವು ಒಡಕು, ಕೂಡಿಕೆಗಳ ಬಳಿಕ 1977ರಲ್ಲಿ ಪಕ್ಷವು ಜನತಾ ಪಕ್ಷದಲ್ಲಿ ವಿಲೀನವಾಯಿತು. ಹೆಸರು ಅಳಿದ ಮೇಲೆಯೇ ಈ ಸೀಮೆಯ ಸಮಾಜವಾದಿಗೆ ಅಧಿಕಾರ ದೊರೆತದ್ದು ಗಮನಾರ್ಹ. ಲೋಹಿಯಾ ಚಿಂತನೆಗೆ ಒಲಿದಿದ್ದ ಎಂ.ಪಿ. ಪ್ರಕಾಶ್ (1940–2011) 1983ರಲ್ಲಿ ಹಡಗಲಿಯಿಂದ ಜನತಾ ಪಕ್ಷದ ಶಾಸಕರಾಗಿ ಆಯ್ಕೆಯಾದರು, ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಸಚಿವರೂ ಆದರು. ಅವರು ಹಡಗಲಿಯಲ್ಲಿ ಕಟ್ಟಿದ ‘ರಂಗಭಾರತಿ’ ನಾಟಕ ತಂಡವನ್ನು ಬದಿಗಿಟ್ಟು ಇಲ್ಲಿನ ಸಮಾಜವಾದವನ್ನು ಬರಿಯ ಮತಗಳ ಲೆಕ್ಕದಲ್ಲಿ ನೋಡಿದರೆ ಅರ್ಧವಷ್ಟೇ ಕಂಡೀತು. ಸಮಾಜವಾದಿಗಳು ದಶಕಗಳ ಕಾಲ ವಿರೋಧಿಸಿದ ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿಯೇ ಅವರು 2008ರಲ್ಲಿ ಹರಪನಹಳ್ಳಿಯಿಂದ ಸ್ಪರ್ಧಿಸಿ ಸೋತರು.